ಒಂದು ನಗೆಚಿತ್ರ, ಎರಡು ಜಗಳ



ಸಂಕ್ರಾಂತಿ ಕಳೆದು ವಾರವಾಯಿತು. ಕಿಚ್ಚು ಹಾಯ್ದ ದನಗಳ ಕೊಂಬಿನ ಬಣ್ಣ ಇನ್ನೂ ಮಾಸಿಲ್ಲ. ಹಬ್ಬದ ಮಾರನೆಯ ಮಧ್ಯಾಹ್ನ ತಮಿಳು ವಾಹಿನಿಯೊಂದರಲ್ಲಿ 'ಸತಿ ಲೀಲಾವತಿ' ಎಂಬ ಹಳೆಯ ನಗೆಚಿತ್ರವನ್ನು ಮತ್ತೆ ತೋರಿಸಿದರು. ತಮ್ಮಲ್ಲಿ ಕೆಲವರು ನೋಡಿರಲೂಬಹುದು. ನಮ್ಮ ಬೀದಿಯಲ್ಲಂತೂ ಚಿತ್ರ ಮುಗಿಯುವ ಹೊತ್ತಿಗೆ ಎರಡು ಜಗಳಗಳು ನಡೆದಿದ್ದವು. ಹೊಸ ಜಗಳಗಳೇನಲ್ಲ. ಈ ಚಿತ್ರ ಬಂದಂದಿನಿಂದ ನಮ್ಮ ತಾಳವಾಡಿ ಸೀಮೆಯಲ್ಲಿ ಇದನ್ನು ನೋಡಿದ ಮನೆಗಳಲ್ಲಿ ಒಂದಲ್ಲ ಒಂದು ರೀತಿಯಲ್ಲಿ ನಡೆಯುತ್ತಲೇ ಬಂದಿರುವ ಜಗಳಗಳು. ಆ ಜಗಳಗಳ ವಿಚಾರವಾಗಿಯೇ ಈ ಹೊತ್ತು ನಾಲ್ಕು ಮಾತು.

ಚಿತ್ರ ತೆರೆಗೆ ಬಂದದ್ದು 1995ರ ಪೊಂಗಲ್ ಹಬ್ಬಕ್ಕೆ. ಕಮಲ್ ಹಾಸನ್ ಅವರದೇ ಸಂಸ್ಥೆಯ ನಿರ್ಮಾಣ, ಬಾಲು ಮಹೇಂದ್ರ ಅವರ ನಿರ್ದೇಶನ. ಈ ಬಾಲು ಮಹೇಂದ್ರ ಅವರು ನಿರ್ದೇಶಕರಾಗಿ ಮಾಡಿದ ಮೊಟ್ಟಮೊದಲ ಚಿತ್ರ ಕನ್ನಡದ್ದು. 1977ರ 'ಕೋಕಿಲಾ'. ಅದರಲ್ಲಿಯೂ ಕಮಲ್ ಹಾಸನ್ ಅವರೇ ನಾಯಕ. ಇನ್ನು 'ಸತಿ ಲೀಲಾವತಿ' ಎಂಬ ಹೆಸರೂ ಹಳೆಯದೇ. 1936ರಲ್ಲಿ ಇದೇ ಹೆಸರಿನ ತಮಿಳು ಚಿತ್ರವೊಂದು ಬಂದಿತ್ತು. ಎಂ.ಜಿ.ಆರ್. ಮೊದಲು ಮುಖ ತೋರಿಸಿದ್ದು ಅದರಲ್ಲಿ. ಕಥೆ ಮಾತ್ರ ಬೇರೆ.

ನಮ್ಮ ಈ ಚಿತ್ರದ ಕಥೆ ಸುಲಭವಾದುದು. ಅರುಣ್ ಎಂಬ ಸಂಸಾರಸ್ಥನ ಪಾತ್ರ ರಮೇಶ್ ಅರವಿಂದ್ ಅವರದು. ಅವನಿಗೆ ಲೀಲಾವತಿ ಎಂಬ ಹೆಂಡತಿ, ಮಕ್ಕಳು. ಲೀಲಾವತಿ ದಪ್ಪಗಿದ್ದಾಳೆ, ಕಪ್ಪಗಿದ್ದಾಳೆ, ಮನೆವಾರ್ತೆಯಲ್ಲಿ ಮುಳುಗಿದ್ದಾಳೆ. ಆ ಪಾತ್ರದಲ್ಲಿ ಮಲಯಾಳದ ನಟಿ ಕಲ್ಪನಾ. ಗಂಡನ ಮನಸ್ಸು ಪ್ರಿಯಾ ಎಂಬ ಚೆಲುವೆಯ ಕಡೆ ವಾಲುತ್ತದೆ. ಹೆಂಡತಿಗೆ ಏನೋ ನೆಪ ಹೇಳಿ ಅವಳನ್ನು ಬೆಂಗಳೂರಿಗೆ ವಿಹಾರಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಹೆಂಡತಿ ಮಗನ ಜೊತೆ ಬಂದ ಗೆಳೆಯ, ಡಾಕ್ಟರ್ ಶಕ್ತಿವೇಲ್ ಗೌಂಡರ್, ಈ ಗುಟ್ಟಿನ ನಡುವೆ ಸಿಕ್ಕಿಕೊಳ್ಳುತ್ತಾನೆ. ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು, ಆ ಸುಳ್ಳು ಮುಚ್ಚಲು ಓಟ, ಓಟದಲ್ಲಿ ಎಡವಿ ಬೀಳುವುದು. ಗೌಂಡರ್ ಪಾತ್ರ ಕಮಲ್ ಅವರದು, ಅವರ ಹೆಂಡತಿ ಪಳನಿಯಾಗಿ ಕೋವೈ ಸರಳಾ. ಈ ಗಂಡಹೆಂಡಿರು ಆಡುವುದು ಅಪ್ಪಟ ಕೊಂಗು ತಮಿಳು, ಎಂದರೆ ಕೊಯಮತ್ತೂರು, ಈರೋಡ್ ಕಡೆಯ ತಮಿಳು. ಮೊದಲ ಜಗಳ ಶುರುವಾಗುವುದೇ ಇಲ್ಲಿಂದ.

ನಮಗೆ ಈ ಮಾತಿನೊಂದಿಗೆ ಇರುವ ನಂಟು ವಿಚಿತ್ರವಾದುದು. ಚಾಮರಾಜನಗರ ನಮಗೆ ಪಕ್ಕದ ಊರು. ಹೆಣ್ಣು ಕೊಡುವುದು ತರುವುದು ಎಲ್ಲ ಆ ಕಡೆಗೇ. ಆದರೆ ಜಿಲ್ಲಾ ಕಚೇರಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ, ಈರೋಡಿನ ತನಕ ಹೋಗಬೇಕು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಉಳಿದೆವು. ಮನೆಯಲ್ಲಿ ಸಂಕ್ರಾಂತಿ, ಶಾಲೆಯಲ್ಲಿ ಪೊಂಗಲ್ ರಜೆ. ಹೀಗಿರುವ ನಮಗೆ ಕೊಂಗು ತಮಿಳು ಎಂದರೆ ಸಿನಿಮಾದ ಮಾತಲ್ಲ, ಘಾಟಿ ಇಳಿದೊಡನೆ ಎದುರಾಗುವ ಮಾತು. ಪ್ರತಿ ಮಾತಿನ ಬಾಲಕ್ಕೂ ಮರ್ಯಾದೆಯ 'ಂಗ' ಅಂಟಿಸಿಕೊಂಡ ಮಾತು. ಏನುಂಗ, ಸರೀಂಗ, ವಾಂಗೊ, ಪೋಂಗೊ.

1996ರ ಸಂಕ್ರಾಂತಿಗೆ ನಮ್ಮ ಬೀದಿಯವರು ತಲೆಗಿಷ್ಟು ಎಂದು ದುಡ್ಡು ಹಾಕಿ ಬಾಡಿಗೆಗೆ ಟಿ.ವಿ., ವಿ.ಸಿ.ಪಿ. ತರಿಸಿದ್ದರು. ರಾತ್ರಿ ಮೂರು ಚಿತ್ರ. ಎರಡು ರಾಜ್‌ಕುಮಾರ್ ಅವರದು, ನಡುವೆ ಇದು. ಕಮಲ್ ಬಾಯಿ ತೆರೆದು ಮೊದಲ ಮಾತು ಆಡಿದ್ದೇ ತಡ, ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಅರಿಸಿನ ಬೆಳೆಯುವ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಯಾಕೆಂದು ಕೇಳಿದರೆ, "ಈರೋಡ್ ಮಂಡೀಲಿ ಇದೇ ಸರೀಂಗ ಸರೀಂಗ ಅಂದ್ಕಂಡೇ ಮೂಟಗ ಇಷ್ಟು ಅಂತ ಕಿತ್ಕತಾರ ಕನ. ಆ ಮಾತ ಕೇಳುದ್ರ ನಂಗ ಜೇಬು ಮುಟ್ಕಳಂಗಾಯ್ತದ, ನಗು ಎಲ್ಲಿ ಬಂದಾತು?" ಎಂದರು. ಅದಕ್ಕೆ, ಕೊಯಮತ್ತೂರಿನ ಹೋಟೆಲೊಂದರಲ್ಲಿ ಹತ್ತು ವರ್ಷ ದುಡಿದು ಬಂದಿದ್ದ ಇನ್ನೊಬ್ಬರು ಮುನಿಸಿಕೊಂಡರು. ಹದಿಮೂರು ವರ್ಷದ ಹುಡುಗನಾಗಿ, ತಮಿಳಿನ ಗಂಧವಿಲ್ಲದೆ, ಆ ಊರಿನ ಬಸ್ ನಿಲ್ದಾಣದಲ್ಲಿ ಇಳಿದಾಗ "ಏನುಂಗ ಕಣ್ಣು, ಸಾಪ್ಟೀಂಗಳಾ" ಎಂದು ಮೊದಲು ಕೇಳಿದ ಮುದುಕಿಯ ಮಾತು ಇದೇ ಅಂತೆ. ಹುಡುಗನನ್ನೂ ಬಹುವಚನದಲ್ಲಿ ಕರೆಯುವ ಆ ಮಾತನ್ನು ಸಿನಿಮಾದವರು ಗೇಲಿಗೆ ಇಟ್ಟರಲ್ಲ ಎಂಬ ಬೇಸರ ಅವರದು. ಎಂದರೆ, ನಗದೆ ಕೂತ ಇಬ್ಬರಿಗೂ ನಗದಿರಲು ಒಂದೇ ಕಾರಣವಿರಲಿಲ್ಲ.

ಕಾಲೇಜಿಗೆ ಸತ್ಯಮಂಗಲಕ್ಕೆ ಹೋಗುತ್ತಿದ್ದ ಹುಡುಗನೊಬ್ಬ ಎಲ್ಲರಿಗಿಂತ ಹೆಚ್ಚು ನಕ್ಕವನು. ಅವನನ್ನು ಅಲ್ಲಿ ಸಹಪಾಠಿಗಳು ಅವನ ಕನ್ನಡ ಬೆರೆತ ತಮಿಳಿಗಾಗಿ ಆಡಿಕೊಳ್ಳುತ್ತಿದ್ದರು. "ಅವರ ಮಾತನ್ನೂ ಚೆನ್ನೈಯವರು ಆಡಿಕೊಳ್ತಾರೆ ಅಂತ ಇವತ್ತು ಗೊತ್ತಾಯ್ತು" ಎಂದು ಅವನಿಗೆ ಸಂತೋಷ. ಈ ಸಂತೋಷ ಅಷ್ಟು ಒಳ್ಳೆಯದಲ್ಲ ಎಂದು ಅನ್ನಿಸಬಹುದು. ಆದರೆ ಅವನ ಜಾಗದಲ್ಲಿ ಕುಳಿತು ನೋಡಿದರೆ ತಪ್ಪು ಹೊರಿಸುವುದು ಕಷ್ಟ.

ಇಲ್ಲಿ ಒಂದು ಮಾತು. ಬೆಂಗಳೂರು ಮೈಸೂರಿನ ಕಡೆ ತಮಿಳರನ್ನು ಹೀಯಾಳಿಸಲು 'ಕೊಂಗ' ಎನ್ನುತ್ತಾರೆ. ಮೂಲದಲ್ಲಿ ಅದು ಬೈಗುಳವಲ್ಲ, ಕೊಂಗುನಾಡಿನವನು ಎಂದಷ್ಟೇ ಅರ್ಥ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡಿನ ಪಕ್ಕದಲ್ಲೇ ಕೊಂಗು ಕೂಡ ಬರುತ್ತದೆ. ಆ ಲೆಕ್ಕಕ್ಕೆ ಈರೋಡ್ ಜಿಲ್ಲೆಯ ನಾವೂ ಕೊಂಗರೇ ತಾನೆ! ಘಾಟಿಯ ಕೆಳಗೆ ಹೋದರೆ ಕನ್ನಡದವನು, ಬೆಂಗಳೂರಿಗೆ ಹೋಗಿ ಊರ ಹೆಸರು ಹೇಳಿದರೆ ಕೊಂಗ. ಹೀಗೆ ಎರಡು ಕಡೆಯಿಂದಲೂ ಅಡ್ಡಹೆಸರು ಹೊತ್ತವರು ಒಂದು ಮಾತಿನ ರೀತಿಯನ್ನು ನೋಡಿ ನಗುವಾಗ, ನಗು ಗಂಟಲಲ್ಲಿ ಅರೆಗಳಿಗೆ ನಿಂತು ಬರುತ್ತದೆ.

ಹಾಗಾದರೆ ಆ ಚಿತ್ರ ಕೊಂಗು ಮಾತನ್ನು ಗೇಲಿ ಮಾಡಿತೆ? ನನ್ನ ಮಟ್ಟಿಗೆ ಇಲ್ಲ. ಗುಮಟಾಪುರದ ಗೋರೆಹಬ್ಬವನ್ನು ತಾವೆಲ್ಲ ನೋಡಿದ್ದೀರಿ. ದೀಪಾವಳಿಯ ಬಲಿಪಾಡ್ಯಮಿಯ ಮಾರನೆಯ ದಿನ ರಾಶಿ ಹಾಕಿದ ಸಗಣಿಯನ್ನು ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ನಿನ್ನ ಉಂಡೆ ನನಗೆ ಬಿತ್ತು ಎಂದು ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ಏಕೆಂದರೆ ಎಸೆಯುವವನೂ ಅದೇ ಸಗಣಿಯಲ್ಲಿ ಮಿಂದಿರುತ್ತಾನೆ. ಒಗೆದ ಬಟ್ಟೆ ಹಾಕಿಕೊಂಡು ದೂರ ನಿಂತವನೊಬ್ಬ ಎಸೆದರೆ ಮಾತ್ರ ಜಗಳ. ಕಮಲ್ ಹಾಸನ್ ಪರಮಕುಡಿಯಲ್ಲಿ ಹುಟ್ಟಿದವರು, ಕೊಂಗು ಮಾತನ್ನು ಕಲಿತು ಆಡಿದವರು ನಿಜ. ಆದರೆ ಎದುರಿಗೆ ನಿಲ್ಲಿಸಿಕೊಂಡದ್ದು ಕೊಯಮತ್ತೂರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಸರಳಾ ಅವರನ್ನು. ಆಕೆ ಬೈಯುವಾಗ ಗಂಡನ ಪಾತ್ರ ನಡುಗುತ್ತದೆ. ಇಡೀ ಚಿತ್ರದಲ್ಲಿ ನಯವಾದ ಪಟ್ಟಣದ ತಮಿಳಿನಲ್ಲಿ ಸುಳ್ಳು ಹೇಳುವವನು ಅರುಣ್. ಹಳ್ಳಿ ಮಾತಿನವರೋ, ಸುಳ್ಳು ಹೇಳಲು ಹೋಗಿ ಹೇಳಲಾರದೆ ಒದ್ದಾಡುವವರು. ಮಾತಿನ ರೀತಿಯನ್ನು ನೋಡಿ ನಕ್ಕೆವೋ, ಸುಳ್ಳು ಬಾರದವನ ಪಾಡು ನೋಡಿ ನಕ್ಕೆವೋ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಎರಡನೆಯದೇ ಹೆಚ್ಚು ಎಂದು ತೋರುತ್ತದೆ. ಮಂಡಿಯ ಪೆಟ್ಟು ತಿಂದ ಆ ಹಿರಿಯರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾದ್ದೂ ಇಲ್ಲ.

ಕಥೆ ಇಲ್ಲಿಗೇ ನಿಲ್ಲಲಿಲ್ಲ. 1999ರಲ್ಲಿ ಇದು 'ಬೀವಿ ನಂ. 1' ಎಂದು ಹಿಂದಿಗೆ ಹೋಯಿತು. 2005ರಲ್ಲಿ 'ರಾಮ ಶಾಮ ಭಾಮ' ಎಂದು ಕನ್ನಡಕ್ಕೆ ಬಂತು. ರಮೇಶ್ ಅರವಿಂದ್ ಅವರು ನಿರ್ದೇಶಿಸಿದ ಮೊದಲ ಚಿತ್ರ ಅದು. ಅದರಲ್ಲೂ ದಾರಿ ತಪ್ಪುವ ಗಂಡ ಅವರೇ, ಗೆಳೆಯ ಕಮಲ್ ಅವರೇ. ಭಾಮೆಯಾಗಿ ನಮ್ಮ ಶ್ರುತಿ. ಗೆಳೆಯನ ಹೆಂಡತಿಯಾಗಿ ಊರ್ವಶಿ. ಈಕೆ ಮೊದಲ ಚಿತ್ರದ ಲೀಲಾವತಿ, ಎಂದರೆ ಕಲ್ಪನಾ ಅವರ ಒಡಹುಟ್ಟಿದವರು.

ಕನ್ನಡದಲ್ಲಿ ಬಂದಿದೆ ಎಂದು ಕೇಳಿ ನಮ್ಮ ಬೀದಿಯಲ್ಲಿ ದೊಡ್ಡ ನಿರೀಕ್ಷೆ. ತಮಿಳು ಬಾರದ ಮುದುಕರಿಗೆ ಪಕ್ಕದಲ್ಲಿ ಕುಳಿತು ಅರ್ಥ ಹೇಳುವ ಕೆಲಸ ತಪ್ಪಿತು ಎಂದು ಮಕ್ಕಳಿಗೆ ಖುಷಿ. ಆದರೆ ಆದದ್ದೇ ಬೇರೆ. ತಮಿಳಿನಲ್ಲಿ ಕೊಂಗು ಮಾತು ಇದ್ದ ಜಾಗಕ್ಕೆ ಕನ್ನಡದಲ್ಲಿ ಉತ್ತರ ಕರ್ನಾಟಕದ ಮಾತು ಬಂದಿತ್ತು. ಕಮಲ್ ಆ ಕನ್ನಡವನ್ನು ಚೆನ್ನಾಗಿಯೇ ಆಡಿದರು. ಬೆಂಗಳೂರಿನ ಪ್ರೇಕ್ಷಕನಿಗೆ ಕಿವಿಗೆ ಬಿದ್ದೊಡನೆ ನಗು ಬರುವ ಮಾತು ಅದು. ನಮ್ಮ ಮುದುಕರಿಗೆ? ಅರ್ಧ ಮಾತು ಕೈಗೆ ಸಿಗಲಿಲ್ಲ. ನಮಗ, ನಿಮಗ ಎನ್ನುವ ಎಳೆ ನಮ್ಮಲ್ಲೂ ಉಂಟು, ಆ ಮಟ್ಟಿಗೆ ಕಿವಿ ಕೊಟ್ಟರು. ಓಟದ ಮಾತು ಬಂದಾಗ ಕೈಬಿಟ್ಟರು. ಕಡೆಗೆ ಮುದುಕರೊಬ್ಬರು "ಅದ್ಯಾಕೊ ಆ ತಮುಳೇ ವಾಸಿಯಾಗಿತ್ತು ಕನಪ್ಪ" ಎಂದುಬಿಟ್ಟರು. ಅವರು ತಮಿಳುನಾಡಿನಲ್ಲಿ ಹುಟ್ಟಿ ಎಂಬತ್ತು ವರ್ಷ ಕನ್ನಡವೊಂದನ್ನೇ ಆಡಿದವರು. ಅವರ ಮೊಮ್ಮಗಳು, ಮೈಸೂರಿನಲ್ಲಿ ಓದುತ್ತಿದ್ದವಳು, ಇದಕ್ಕೆ ಸಿಟ್ಟಾದಳು. ಕನ್ನಡದ ಚಿತ್ರವನ್ನು ಕನ್ನಡದವರೇ ಬಿಟ್ಟುಕೊಟ್ಟರೆ ಹೇಗೆ ತಾತ ಎಂಬುದು ಅವಳ ವಾದ. ಮುದುಕರು ಕನ್ನಡವನ್ನು ಬಿಟ್ಟುಕೊಡಲಿಲ್ಲ, ಅರ್ಥವಾಗದ ತಮಾಷೆಯನ್ನು ಬಿಟ್ಟರು, ಅಷ್ಟೆ. ಆದರೂ ಆ ಹುಡುಗಿಯ ಸಿಟ್ಟಿನ ಹಿಂದೆ ಇರುವ ಭಯ ಗಡಿಯಲ್ಲಿ ಇರುವವರಿಗೇ ಗೊತ್ತು.

ನನಗೆ ಅಂದು ಹೊಳೆದದ್ದು ಬೇರೆ. ಕೊಂಗು ಮಾತಿಗೆ ಒಂದು ನಗೆಚಿತ್ರವಾಯಿತು, ಹುಬ್ಬಳ್ಳಿ ಧಾರವಾಡದ ಮಾತಿಗೂ ಆಯಿತು. ನಮ್ಮ ಮಾತಿಗೆ? ಇಡೀ ಕರ್ನಾಟಕಕ್ಕೆ ಅಚ್ಚಗನ್ನಡವನ್ನು ಕಿವಿಯ ಮೂಲಕ ಕಲಿಸಿದ ಡಾ. ರಾಜ್‌ಕುಮಾರ್ ನಮ್ಮ ಗಾಜನೂರಿನಲ್ಲಿ ಹುಟ್ಟಿದವರು. ಆದರೆ ತೆರೆಯ ಮೇಲೆ ನಾವು ಕೇಳಿದ ಅವರ ಕನ್ನಡ ಗುಬ್ಬಿ ವೀರಣ್ಣನವರ ನಾಟಕದ ಕಂಪನಿಯಲ್ಲಿ ಪಳಗಿದ್ದು, ಗಾಜನೂರಿನ ಜಗಲಿಯದಲ್ಲ. ನಮ್ಮಂತೆ ಮಾತನಾಡುವ ಗಂಡಹೆಂಡಿರು ತೆರೆಯ ಮೇಲೆ ಜಗಳವಾಡಿದರೆ ನಾವು ಮುನಿಯುತ್ತೇವೋ ನಗುತ್ತೇವೋ, ನೋಡುವ ಆಸೆ ನನಗಂತೂ ಇದೆ.

ಇನ್ನು ಎರಡನೆಯ ಜಗಳ. ಇದು ಮಾತಿನದಲ್ಲ, ಹೆಂಗಸರದು. ಹೇಳಬೇಕೆಂದರೆ ಇದೇ ದೊಡ್ಡದು.

1996ರ ಆ ರಾತ್ರಿ, ಅರುಣ್ ಬೆಂಗಳೂರಿಗೆ ಹೊರಡುವ ಭಾಗ ಬಂದಾಗ ನಮ್ಮ ದೊಡ್ಡವ್ವ ಎದ್ದು ಹೋದರು. ಹೋಗುತ್ತ ಗಂಡಸರ ಕಡೆ ತಿರುಗಿ, "ನಗಾಡಿ ನಗಾಡಿ. ನಿಮ್ಮ ಮನ ಹೆಣ್ಮಗೀಗ ಹಿಂಗಾದ್ರೂವ ಹಿಂಗೇ ಹಲ್ಲ ಕಿರೀರಿ" ಎಂದರು. ಒಂದು ಗಳಿಗೆ ಯಾರೂ ನಗಲಿಲ್ಲ. ಆಮೇಲೆ ಮತ್ತೆ ನಕ್ಕರು. ನಮ್ಮ ಬೆಟ್ಟದ ಊರುಗಳ ಗಂಡಸರು ಬೆಂಗಳೂರಿಗೆ, ತಿರುಪ್ಪೂರಿಗೆ, ಕೇರಳಕ್ಕೆ ದುಡಿಯಲು ಹೋಗುವುದು ಇಂದು ನಿನ್ನೆಯದಲ್ಲ. ಹೋದವರು ಹೆಚ್ಚಿನವರು ದುಡ್ಡು ಕಳಿಸುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಬಾರದವರೂ ಇದ್ದಾರೆ. ಬೆಂಗಳೂರಿನಲ್ಲಿ ಕೆಲಸ ಇದೆ ಎಂದು ಹೇಳಿ ಹೋದ ಗಂಡನ ದಾರಿ ಕಾಯ್ದ ಹೆಂಗಸು ಅಂದು ಆ ಚಾಪೆಯ ಮೇಲೆ ಒಬ್ಬಳೇ ಇರಲಿಲ್ಲ. ಅವರ ಪಾಲಿಗೆ ಅದು ತಮಾಷೆಯ ಪ್ರಸಂಗ ಆಗುವುದಾದರೂ ಹೇಗೆ?

ಆದರೆ ದೊಡ್ಡವ್ವ ಎದ್ದು ಹೋದದ್ದರಿಂದ ಚಿತ್ರದ ಒಳ್ಳೆಯ ಭಾಗ ಅವರಿಗೆ ತಪ್ಪಿಹೋಯಿತು. ಗುಟ್ಟು ರಟ್ಟಾದ ಮೇಲೆ ಲೀಲಾವತಿ ಬಾವಿಗೆ ಬೀಳುವುದಿಲ್ಲ, ತವರಿಗೆ ಹೋಗಿ ಮೂಲೆ ಹಿಡಿಯುವುದಿಲ್ಲ. ಮಕ್ಕಳನ್ನು ಅವರ ಅಪ್ಪನ ಬಳಿಗೆ, ಆ ಚೆಲುವೆಯ ಮನೆಗೇ ಕಳುಹಿಸಿಬಿಡುತ್ತಾಳೆ. ಪ್ರೇಮ ಮಾಡಲು ಹೊರಟವರು ಮಕ್ಕಳ ಮೂಗು ಒರೆಸಬೇಕಾಗುತ್ತದೆ. ಹೆಂಡತಿ ಇಷ್ಟು ದಿನ ಏನು ಮಾಡುತ್ತಿದ್ದಳು ಎಂಬುದು ಅವಳಿಲ್ಲದ ಮನೆಯಲ್ಲಿ ಗಂಡನಿಗೆ ತಿಳಿಯುತ್ತದೆ. ನಮ್ಮ ಹೆಂಗಸರು ಬಾಯಿ ತುಂಬ ನಕ್ಕದ್ದು ಇಲ್ಲಿ. ಕಮಲ್ ಬಿದ್ದಾಗ ನಗದವರೂ ಇಲ್ಲಿ ನಕ್ಕರು.

ಈ ಎಳೆಯ ಮೂಲ ದೂರದ್ದು. ಇಂಗ್ಲೆಂಡಿನ ಲೇಖಕಿ ಫೇ ವೆಲ್ಡನ್ 1983ರಲ್ಲಿ ಬರೆದ ಕಾದಂಬರಿಯೊಂದು 'ಶೀ ಡೆವಿಲ್' ಎಂಬ ಹೆಸರಿನಲ್ಲಿ 1989ರಲ್ಲಿ ಅಮೆರಿಕದಲ್ಲಿ ಚಿತ್ರವಾಯಿತು. ಅಲ್ಲಿಯೂ ದಪ್ಪಗಿನ ಹೆಂಡತಿ, ಚೆಲುವೆಯ ಹಿಂದೆ ಹೋದ ಗಂಡ. ಅಲ್ಲಿಯೂ ಹೆಂಡತಿ ಮಕ್ಕಳನ್ನು ತಂದು ಆ ಚೆಲುವೆಯ ಬಾಗಿಲಿಗೆ ಬಿಡುತ್ತಾಳೆ. ಆದರೆ ಅಲ್ಲಿ ಆಕೆ ಮನೆಯನ್ನೇ ಸುಟ್ಟು ಹೊರಡುತ್ತಾಳೆ, ಗಂಡ ಕೊನೆಗೆ ಜೈಲು ಸೇರುತ್ತಾನೆ. ಅಲ್ಲಿನವರು ಅವಳಿಗೆ ಕೊಟ್ಟ ಹೆಸರು ಹೆಣ್ಣು ದೆವ್ವ ಎಂದು. ನಮ್ಮವರು ಕೊಟ್ಟದ್ದು ಸತಿ ಎಂದು. ನಡುವೆ ಬರಿಯ ಹೆಂಗಸು ಎಂಬ ಒಂದು ಜಾಗ ಇದೆಯಲ್ಲ, ಅದು ಇಬ್ಬರ ಕಣ್ಣಿಗೂ ಬೀಳಲಿಲ್ಲ.

ತಮಿಳು ಚಿತ್ರದ ಕೊನೆಯಲ್ಲಿ ಗಂಡ ಬುದ್ಧಿ ಕಲಿತು ಹಿಂದಿರುಗುತ್ತಾನೆ, ಸಂಸಾರ ಒಂದಾಗುತ್ತದೆ. ಈ ಕೊನೆಯ ಬಗ್ಗೆ ನಮ್ಮ ಬೀದಿಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಹಳೆಯ ಕಾಲದ ಮುದುಕಿಯರು ಗಂಡನನ್ನು ಕ್ಷಮಿಸು ಎನ್ನುತ್ತಾರೆ, ಓದಿದ ಹುಡುಗಿಯರು ಬಿಟ್ಟುಬಿಡು ಎನ್ನುತ್ತಾರೆ ಎಂದು ತಾವು ಎಣಿಸಿದರೆ ತಪ್ಪು. ಕಥೆಯ ಕೊನೆಯನ್ನು ಮಾರನೆಯ ದಿನ ಕೇಳಿ ತಿಳಿದ ದೊಡ್ಡವ್ವ ಹೇಳಿದ್ದು ಇಷ್ಟು: "ಬಾಗ್ಲ ತಗೀಬಾರ್ದಾಗಿತ್ತು. ಒಂದ್ ವಾರನಾದ್ರೂವ ಜಗಲಿ ಮ್ಯಾಲ ಮಲಗುಸ್ಬೇಕಾಗಿತ್ತು." ಅದಕ್ಕೆ ಎಸ್.ಎಸ್.ಎಲ್.ಸಿ. ಮುಗಿಸಿದ್ದ ಸೊಸೆ, "ಮಕ್ಕಳ ಕಟ್ಕಂಡು ಎಲ್ಲಿಗೋದಾಳು ಅತ್ತವ್ವ? ಬಂದನಲ್ಲ, ಸಾಕು" ಎಂದಳು. ಮುದುಕಿಗೆ ತನ್ನ ಹೊಲ ಇತ್ತು, ಎರಡು ಹಸು ಇದ್ದವು. ಸೊಸೆಗೆ ಆಗ ಇನ್ನೂ ಏನೂ ಇರಲಿಲ್ಲ. ಬಾಗಿಲು ಮುಚ್ಚುವ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಆ ದಿನ ಸ್ವಲ್ಪ ಕಂಡೆ.

ಮಾತಿನ ಜಗಳವೇ ಇಲ್ಲದ ನಗೆಚಿತ್ರವೂ ಒಂದುಂಟು. ಅದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಸಿಂಗೀತಂ ಶ್ರೀನಿವಾಸರಾಯರ 'ಪುಷ್ಪಕ ವಿಮಾನ', 1987ರದು. ಶೃಂಗಾರ್ ನಾಗರಾಜ್ ಅವರ ನಿರ್ಮಾಣ, ನಾಯಕ ಇದೇ ಕಮಲ್, ಕಥೆ ನಡೆಯುವುದು ಬೆಂಗಳೂರಿನಲ್ಲಿ. ಇಡೀ ಚಿತ್ರದಲ್ಲಿ ಯಾರೂ ಮಾತನಾಡುವುದಿಲ್ಲ. ನಮ್ಮ ಕಡೆ ಅದನ್ನು ಹಾಕಿದ ದಿನ ಅರ್ಥ ಹೇಳುವವರಿಗೆ ಪೂರಾ ರಜೆ.

ಬಾಯಿ ಮುಚ್ಚಿಕೊಂಡಿದ್ದರೆ ಜಗಳವಿಲ್ಲ ಎಂಬ ಮಾತು ಮತ್ತೆ ನೆನಪಾದದ್ದು 2025ರ ಮೇ ತಿಂಗಳಲ್ಲಿ. ಚೆನ್ನೈಯ ಸಮಾರಂಭವೊಂದರಲ್ಲಿ, ನಮ್ಮ ಗಾಜನೂರಿನ ಮನೆತನದ ಶಿವರಾಜ್‌ಕುಮಾರ್ ಅವರು ಎದುರಿಗೇ ಇದ್ದಾಗ, ಕಮಲ್ ಹಾಸನ್ ಅವರು ಕನ್ನಡ ತಮಿಳಿನಿಂದ ಹುಟ್ಟಿತು ಎಂಬ ಅರ್ಥದ ಮಾತು ಆಡಿದರು. ಪ್ರೀತಿಯಿಂದ ಆಡಿದ ಮಾತು ಎಂದು ಆಮೇಲೆ ಹೇಳಿದರು, ಕ್ಷಮೆ ಕೇಳಲಿಲ್ಲ. ಜೂನ್ 5ರಂದು ಅವರ 'ಥಗ್ ಲೈಫ್' ಬೇರೆಲ್ಲ ಕಡೆ ತೆರೆ ಕಂಡಾಗ ಕರ್ನಾಟಕದಲ್ಲಿ ಕಾಣಲಿಲ್ಲ. ಎರಡೂ ನುಡಿಗಳು ಮೂಲ ದ್ರಾವಿಡದಿಂದ ಕವಲೊಡೆದ ಅಕ್ಕತಂಗಿಯರು ಎಂದು ಭಾಷಾ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಕನ್ನಡವನ್ನು 1977ರಲ್ಲೇ ಬಾಯಲ್ಲಿ ಆಡಿದ ನಟ ಇಷ್ಟನ್ನು ತಿಳಿದಿರಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನವರಿಗೂ ಚೆನ್ನೈಯವರಿಗೂ ಅದು ಪತ್ರಿಕೆಯ ಸುದ್ದಿ. ನಮಗೆ ಹಾಗಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾದಾಗ, 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದು 108 ದಿನ ಇಟ್ಟುಕೊಂಡಾಗ, ನಾವು ಟಿ.ವಿ.ಯ ಸದ್ದು ತಗ್ಗಿಸಿ ಬದುಕಿದವರು. ಬಸ್ಸಿನಲ್ಲಿ ಯಾವ ಭಾಷೆಯಲ್ಲಿ ಚೀಟಿ ಕೇಳಬೇಕು ಎಂದು ಯೋಚಿಸಿದವರು. ದೊಡ್ಡವರು ಒಂದು ಮಾತು ಆಡಿ ಕಾರು ಹತ್ತಿ ಹೋದರೆ, ಅದರ ಬೆಲೆ ಮಂಡಿಯಲ್ಲಿ, ಬಸ್ಸಿನಲ್ಲಿ, ಕಾಲೇಜಿನ ಹಾಸ್ಟೆಲಿನಲ್ಲಿ ತೆರುವವರು ನಾವು.

ಅದಕ್ಕೇ ಈ ಸಲ ಹಬ್ಬದ ಮಾರನೆಯ ದಿನ 'ಸತಿ ಲೀಲಾವತಿ' ಬರುತ್ತದೆ ಎಂದಾಗ, ಹಾಕುವುದೇ ಬೇಡ ಎಂದು ಒಬ್ಬ ಹುಡುಗ ಹಟ ಹಿಡಿದ. ಅವನು 1996ರಲ್ಲಿ ಹುಟ್ಟಿಯೇ ಇರಲಿಲ್ಲ. ಹಟ ಹಿಡಿದದ್ದು ತಪ್ಪೆಂದು ಯಾರೂ ಗದರಿಸಲಿಲ್ಲ. ಕನ್ನಡದ ಚಿತ್ರ ಬರುವ ವಾಹಿನಿಗೆ ತಿರುಗಿಸಿದ, ಅಲ್ಲಿ ಜಾಹೀರಾತು ಬರುತ್ತಿತ್ತು. ಅದು ಮುಗಿಯಲಿ ಎಂದು ಮತ್ತೆ ಇತ್ತ ತಿರುಗಿಸಿದ. ಅಷ್ಟರಲ್ಲಿ ಕೋವೈ ಸರಳಾ ಗಂಡನನ್ನು ಬೈಯಲು ಶುರು ಮಾಡಿದ್ದರು.

ದೊಡ್ಡವ್ವನಿಗೆ ಈಗ ಎಂಬತ್ತು ದಾಟಿದೆ. ಜಗಲಿಯ ಮೇಲೆ ಟಿ.ವಿ.ಗೆ ಬೆನ್ನು ಹಾಕಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಈ ಚಿತ್ರವನ್ನು ಅವರು ಇವತ್ತಿಗೂ ಪೂರ್ತಿ ನೋಡಿಲ್ಲ. ಸರಳಾ ಅವರ ದನಿ ಏರಿದಾಗ ಕೈ ನಿಂತಿತು. ಕತ್ತು ತಿರುಗಿಸಿ ನೋಡಿ, "ಇವಳೊಬ್ಬಳೇ ಕನ ಇದ್ರಲ್ಲಿ ಸರಿಯಾಗಿರೋಳು" ಎಂದು ನಕ್ಕರು. ಅರುಣ್ ಬಂದ. ಅವರು ಮತ್ತೆ ಅವರೆಕಾಯಿಯ ಕಡೆ ತಿರುಗಿದರು.